ದೇಶಕ್ಕೆ ಏಳನೆಯದು

ಸುದ್ದಿ ಬಂದದ್ದು ಮಂಗಳವಾರ,
ಹಿಮ ತಳ್ಳುವ ಗಾಡಿ ಎರಡನೇ ಸುತ್ತು ಮುಗಿಸುವ ಹೊತ್ತಿಗೆ.
ನಮ್ಮ ವಾಕ್‌ಚಿಕಿತ್ಸೆಯ ಸ್ನಾತಕೋತ್ತರ ವಿಭಾಗ
ಇಡೀ ದೇಶಕ್ಕೆ ಏಳನೆಯದಂತೆ.
ಡೀನರು ತಾವೇ ಮೆಟ್ಟಿಲಿಳಿದು ಬಂದರು,
ಹನ್ನೊಂದು ವರ್ಷದಲ್ಲಿ ಮೊದಲ ಸಲ.
ಕೈಯಲ್ಲಿ ಕಾಗದ, ಬೂಟಿನಿಂದ ತೊಟ್ಟಿಕ್ಕುವ
ರಸ್ತೆಯ ಉಪ್ಪುನೀರು.
"ಮಾರ್ಲಿಸ್, ಕೊನೆಗೂ ನಮಗೊಂದು ಹೆಸರು ಬಂತು."

ನಾನು ಹೀಟರಿನ ಮೇಲೆ ಒಣಗಲಿಟ್ಟ ಕೈಗವಸು
ಮಗುಚಿ ಹಾಕಿದೆ.

ಹೆಸರು ಹೇಗೆ ಬರುತ್ತದೆಂದು ನನಗೆ ಗೊತ್ತು.
ಇಪ್ಪತ್ತೇಳು ವರ್ಷ ಈ ಮೇಜಿನ ಹಿಂದೆ ಕೂತವಳು.
ಎಲೆ ಉದುರುವ ಕಾಲಕ್ಕೆ ಒಂದು ಫಾರಂ ಬರುತ್ತದೆ:
ಇನ್ನೂರು ಚಿಲ್ಲರೆ ವಿಭಾಗ,
ಒಂದರಿಂದ ಐದರೊಳಗೆ ಅಂಕ ಕೊಡಿ.
ಕಂಡಿದ್ದರೂ ಸರಿ, ಕಾಣದಿದ್ದರೂ ಸರಿ.
ಪ್ರೊಫೆಸರ್ ಲಿಂಡ್‌ಹೋಮ್ ಸ್ಯಾಂಡ್‌ವಿಚ್ ಅಗಿಯುತ್ತ ತುಂಬುತ್ತಿದ್ದರು.
"ಟೆನೆಸಿಯವರು ಹೇಗೆ, ಮಾರ್ಲಿಸ್?"
"ಅವರ ಕ್ರಿಸ್‌ಮಸ್ ಕಾರ್ಡು ಚೆನ್ನಾಗಿತ್ತಲ್ಲ" ಅಂದೆ.
ನಾಲ್ಕು, ಎಂದು ಗೀಟು ಎಳೆದರು.

ಆಮೇಲಿಂದ ನಮ್ಮ ಕಾರ್ಡು ನಾನೇ ಆರಿಸುತ್ತೇನೆ:
ಹೆಪ್ಪುಗಟ್ಟಿದ ಸುಪೀರಿಯರ್ ಸರೋವರ,
ದೀಪದ ಗೋಪುರ,
ಅದರ ಕಂಬಿಗೆ ಸಿಕ್ಕಿಕೊಂಡ ಒಂದು ಕೆಂಪು ಮಫ್ಲರು.
ಇನ್ನೂರು ಚಿಲ್ಲರೆ ಸ್ಟಾಂಪು, ನನ್ನದೇ ನಾಲಿಗೆ.

ಡೀನರು ಬ್ಯಾನರಿನ ಅಳತೆ ಹೇಳುತ್ತಿದ್ದರು.
ಜಿಮ್ಮಿನ ಗೋಡೆಗೆ, ಹೆದ್ದಾರಿಗೆ ಮುಖಮಾಡಿ,
ಒಂದೊಂದು ಅಕ್ಷರ ಆಳೆತ್ತರ.
ಆ ದಾರಿಯಲ್ಲಿ ಹೋಗುವುದು ಮರದ ದಿಮ್ಮಿಯ ಲಾರಿಗಳು,
ಮುಚ್ಚಿದ ತಾಮ್ರದ ಗಣಿ ನೋಡಲು ಬರುವ
ಎರಡು ಬಸ್ಸು, ಅದೂ ಬೇಸಿಗೆಯಲ್ಲಿ.

ಅಷ್ಟರಲ್ಲಿ ಫೋನು.

ಮಂಗಳವಾರ, ಹತ್ತೂವರೆ. ನನಗೆ ಗೊತ್ತು ಯಾರೆಂದು.
ಕೆಳಗೆ, ನೆಲಮಾಳಿಗೆಯ ಮೂರನೇ ಕೋಣೆ.
ಒಮ್ಮುಖದ ಕನ್ನಡಿಯ ಹಿಂದೆ ಐದು ಮಂದಿ ವಿದ್ಯಾರ್ಥಿಗಳು,
ಮುಂದೆ ಇಮಾನಿ ಪ್ರೂಯೆಟ್, ಎರಡನೇ ವರ್ಷ,
ಡೆಟ್ರಾಯಿಟಿನಿಂದ ಬಂದು ಇನ್ನೂ ಚಳಿಗೆ ಒಗ್ಗದವಳು.
ಅವಳೆದುರು ಅವನು. ಮನೆಮನೆಗೆ ಗ್ಯಾಸು ತುಂಬುವವನು,
ನಲವತ್ತನಾಲ್ಕರ ಪ್ರಾಯ.
ಎಲ್ಲ ಹೇಳಬಲ್ಲ: ಗ್ಯಾಲನ್ನಿನ ದರ, ಸರೋವರದ ಆಳ,
ಸತ್ತ ನಾಯಿಯ ಕೊನೆಯ ರಾತ್ರಿ.
ತನ್ನ ಹೆಸರು ಮಾತ್ರ ಹೇಳಲಾರ.
ಹೋಟೆಲಿನಲ್ಲಿ ಕೇಳಿದರೆ 'ಆಲ್' ಅನ್ನುತ್ತಾನೆ.
ಮದುವೆಯಲ್ಲಿ ಪಾದ್ರಿಯೇ ಅವನ ಪರವಾಗಿ ಹೇಳಿದರಂತೆ.

"ವಾಕ್‌ಚಿಕಿತ್ಸಾ ವಿಭಾಗ. ಯಾರು ಮಾತಾಡೋದು?"

"ಕ"

ಇಮಾನಿ ನನಗೊಂದು ಚೀಟಿ ಬರೆದುಕೊಟ್ಟಿದ್ದಾಳೆ,
ಫೋನಿನ ಪಕ್ಕ ಅಂಟಿಸಿದ್ದೇನೆ:
ಕಾಯಿರಿ. ಅವನ ಮಾತನ್ನು ನೀವು ಪೂರೈಸಬೇಡಿ.
ಹೂಂ ಅನ್ನಬೇಡಿ. ಕೆಮ್ಮಬೇಡಿ.

"ಕ, ಕ"

ಡೀನರು ಬಾಯಿ ತೆರೆದರು. ಅಂಗೈ ಎತ್ತಿದೆ.
ಡೀನರಿಗೆ ಅಂಗೈ ತೋರಿಸಿದ್ದು ಇದೇ ಮೊದಲು.
ತಂತಿಯಲ್ಲಿ ಉಸಿರು, ಉಸಿರಿನ ಕೆಳಗೆ
ಗಂಟಲಿಗೆ ಅಡ್ಡ ಬಿದ್ದ ಬಂಡೆಯೊಂದನ್ನು
ಸನಿಕೆಯಿಲ್ಲದೆ, ಬರಿಗೈಯಲ್ಲಿ
ಒಬ್ಬನೇ ಸರಿಸುತ್ತಿರುವ ಸದ್ದು.
ಕಿಟಕಿಯಾಚೆ ಗಾಡಿ ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು.
ಬೂಟಿನ ನೀರು ನನ್ನ ಕುರ್ಚಿಯವರೆಗೆ ಹರಿಯಿತು.
ನನಗೆ ಗೊತ್ತಿದೆ ಅದು, ನಾಲಿಗೆಯ ತುದಿಯಲ್ಲೇ ಇದೆ,
ಹಲ್ಲು ಕಚ್ಚಿ ಹಿಡಿದಿದ್ದೇನೆ.

"ಕಲ್ಲೆ," ಅಂದ. "ಕಲ್ಲೆ ಕೂಸಿಸ್ಟೊ."

ರಿಜಿಸ್ಟರಿನಲ್ಲಿ ಬರೆದೆ: ಮೂವತ್ತೆಂಟು ಸೆಕೆಂಡು.
ಹೋದ ವಾರ ಐವತ್ತೆರಡು. ಅದರ ಹಿಂದಿನ ವಾರ
ಫೋನು ಇಟ್ಟುಬಿಟ್ಟಿದ್ದ.

"ಯಾರದು?" ಡೀನರು ಪಿಸುಗುಟ್ಟಿದರು.
ನಾನು ಹೇಳಲಿಲ್ಲ.
ಅವರು ಕಾಗದವನ್ನು ಮೇಜಿನ ಮೇಲಿಟ್ಟು,
ಒದ್ದೆಯಾಗದ ಜಾಗ ಹುಡುಕಿ,
ಬಂದ ಹೆಜ್ಜೆಗಳ ಮೇಲೇ ಹೆಜ್ಜೆಯಿಡುತ್ತ ಮೇಲೆ ಹೋದರು.

ಚೀಟಿಯಲ್ಲಿ ಕೆಳಗೆ ಇನ್ನೊಂದು ಸಾಲಿದೆ.
ಓದಲು ಮನಸ್ಸಿಲ್ಲ, ಆದರೂ ಓದಬೇಕು;
ಇಮಾನಿ ಕನ್ನಡಿಗೆ ಬೆನ್ನು ಹಾಕಿ ಕಾಯುತ್ತಿರುತ್ತಾಳೆ.

"ಸರಿಯಾಗಿ ಕೇಳಿಸಲಿಲ್ಲ ಸರ್," ಅಂದೆ.
"ಹೆಸರು ಇನ್ನೊಮ್ಮೆ ಹೇಳ್ತೀರಾ?"